ಆಸ್ಪತ್ರೆ ಚಿತ್ರದ ಪರವಾಗಿ

ನಮ್ಮೂರಿನಲ್ಲಿ ಯಾರನ್ನಾದರೂ ನಿಲ್ಲಿಸಿ, ಏಜೆಂಟ್ ಉಗ್ರಸೇನನ ಚಿತ್ರಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಕೇಳಿ ನೋಡಿ. ಅವನು ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಅಕ್ಕಪಕ್ಕ ಯಾರಿದ್ದಾರೆಂದು ನೋಡುತ್ತಾನೆ, ಆಮೇಲೆ ಗಂಟಲು ಸರಿಮಾಡಿಕೊಂಡು ಛಾಯಾಗ್ರಹಣದ ಬಗ್ಗೆ ಮಾತಾಡಲು ಶುರುಮಾಡುತ್ತಾನೆ. ಇಷ್ಟೊಂದು ಜನ ಛಾಯಾಗ್ರಹಣ ಬಲ್ಲವರು ಇನ್ನೊಂದು ಊರಿನಲ್ಲಿ ಸಿಗಲಾರರು. ಕುರಿ ಕಾಯುವವನಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಬಲ್ಲರು. ಎಲ್ಲರೂ ಸುಳ್ಳು ಹೇಳುತ್ತಾರೆ. ನಾನೂ ಹೇಳಿದ್ದೇನೆ, ಆದರೆ ನನ್ನದು ಕೇಳಿದವರಿಗೆ ನಗು ಬರುವಂಥ ಸುಳ್ಳು. ಅದಕ್ಕೇ ಊರಿನವರು ನನ್ನನ್ನು ಮತ್ತೆ ಮತ್ತೆ, ಚಿತ್ರಗಳನ್ನು ತೂಗಿ ನೋಡುವ ತೂಕದವನನ್ನಾಗಿ ಆರಿಸಿದರು.

ನಾನು ಮರಿಸ್ವಾಮಿ. ಬಸ್ಸು ತಿರುಗುವ ಜಾಗದಲ್ಲಿರುವ ಹಿಟ್ಟಿನ ಗಿರಣಿ ನನ್ನದು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ, ನಾನು ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳುತ್ತದೆ. ರಾಗಿ ಬೀಸಿಸಲು ಬಂದವರು ಹಿಟ್ಟಿನ ಜೊತೆಗೆ ನನ್ನದೊಂದು ತಮಾಷೆಯನ್ನೂ ಕಟ್ಟಿಕೊಂಡು ಹೋಗುತ್ತಾರೆ. ಸಂಜೆಯೊಳಗೆ ಅದು ಊರೆಲ್ಲ ಸುತ್ತಿ ಯಾರದೋ ಬಾಯಿಂದ ನನಗೇ ವಾಪಸು ಬರುತ್ತದೆ. ಆಗ ನಾನು ಇನ್ನೊಂದು ಸಲ ನಗುತ್ತೇನೆ. ನನಗೆ ನನ್ನ ಮಾತಿನ ಮೇಲೆ ಅಷ್ಟು ಪ್ರೀತಿ.

ನಮ್ಮ ಟಾಕೀಸಿಗೆ ಉಗ್ರಸೇನನನ್ನು ಬಿಟ್ಟು ಬೇರೆ ನಾಯಕ ಕಾಲಿಟ್ಟಿಲ್ಲ. ಒಂದು ಚಿತ್ರ ಬಂದರೆ ಮುಂದಿನದು ಬರುವವರೆಗೂ ಅದೇ ಓಡುತ್ತದೆ, ಒಂದು ವರ್ಷವೋ ಮೂರು ವರ್ಷವೋ. ಮೇಲಿನ ಕೋಣೆಯಲ್ಲಿ ರೀಲಿನ ಡಬ್ಬಗಳನ್ನಿಡುವ ಕಪಾಟಿಗೆ ಹತ್ತೇ ಖಾನೆ. ಹೊಸದು ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಹೋದ ಚಿತ್ರದ ಜೊತೆಗೆ ಅದು ಓಡುತ್ತಿದ್ದ ದಿನಗಳೂ ಊರಿನವರ ತಲೆಯಿಂದ ಹೋಗುತ್ತವೆ. ಹೊಸ ಚಿತ್ರದ ಮೊದಲ ಆಟಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಗಂಟೆ ಬಾರಿಸುತ್ತಾರೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ತಲೆ ತಿರುಗುವುದಿಲ್ಲ, ನೋವೂ ಇಲ್ಲ. ಕಪಾಟನ್ನು ದೊಡ್ಡದು ಮಾಡಿಸಬಾರದೇ ಎಂದು ಹೊರಗಿನ ಬುದ್ಧಿವಂತರು ಕೇಳುತ್ತಾರೆ. ನಿಮ್ಮೂರಿನಲ್ಲಿ ಕ್ಯಾಲೆಂಡರಿಗೆ ಇನ್ನೆರಡು ಹಾಳೆ ಅಂಟಿಸಿದರೆ ಆಯುಸ್ಸು ಹೆಚ್ಚುತ್ತದೆಯೇ ಎಂದು ನಾವು ಕೇಳುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಜನ ಹೊಂದಿಕೊಂಡಿದ್ದಾರೆ. ದರ್ಜಿ ಇಮಾಮ್ ಸಾಬರು ಕಾಲರ್ ಹೊಲಿಯಲು ಕಲಿತದ್ದು ಒಂದು ಚಿತ್ರದ ಓಟದಲ್ಲಿ. ಆ ಚಿತ್ರ ಹೊರಗೆ ಹೋಯಿತು. ಅಂದಿನಿಂದ ನಮ್ಮೂರಿನ ಗಂಡಸರೆಲ್ಲ ಕಾಲರಿಲ್ಲದ ಅಂಗಿ ತೊಡುತ್ತಾರೆ, ಕೇಳಿದವರಿಗೆ ಸೆಕೆ ಎನ್ನುತ್ತಾರೆ. ಸಾಬರು ಮುಂಜಾಗ್ರತೆಯಾಗಿ ಕಾಲರಿನ ಅಳತೆಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಈಗ ಅದನ್ನು ತೆರೆದು ನೋಡಿ, "ಪುಸ್ತಕಕ್ಕೆ ಗೊತ್ತೈತೆ, ನನ್ ಕೈಗೆ ಗೊತ್ತಿಲ್ಲ" ಎನ್ನುತ್ತಾರೆ. ಮದುವೆಯ ಓಟ ಕಳೆದುಕೊಂಡ ಗಂಡಹೆಂಡಿರು ಗೋಡೆಯ ಮೇಲಿನ ಫೋಟೋ ಮುಂದೆ ನಿಂತು, ಜೋಡಿ ಚೆನ್ನಾಗಿದೆ ಎಂದು ಬೀಗರ ಹಾಗೆ ಮೆಚ್ಚಿಕೊಳ್ಳುತ್ತಾರೆ. ಹೂವಿನಂಗಡಿಯ ಅಣ್ಣತಮ್ಮಂದಿರ ಕಥೆ ಮಾತ್ರ ಸ್ವಲ್ಪ ಕಷ್ಟದ್ದು. ಅವರು ಗೋಡೆಯ ವಿಷಯಕ್ಕೆ ಹೊಡೆದಾಡಿದ ಚಿತ್ರ ಕಪಾಟಿನಲ್ಲಿದೆ, ರಾಜಿಯಾದ ಚಿತ್ರ ಹೊರಗೆ ಹೋಗಿದೆ. ರಾಜಿಯಾಗಿದ್ದೇವೆ ಎಂದು ಇಬ್ಬರಿಗೂ ಗೊತ್ತು, ಏಕೆಂದರೆ ಆಮೇಲಿನ ವರ್ಷಗಳಲ್ಲಿ ಒಂದೇ ಮನೆಯಲ್ಲಿ ಉಂಡದ್ದು ನೆನಪಿದೆ. ಆದರೆ ಗೊತ್ತಿರುವುದು ಬೇರೆ, ನೆನಪಿರುವುದು ಬೇರೆ. ದಿನಾ ಬೆಳಿಗ್ಗೆ ಎದ್ದರೆ ಅವರಿಗೆ ನೆನಪಿಗೆ ಬರುವುದು ದೊಣ್ಣೆ ಮಾತ್ರ.

ಯಾವ ಚಿತ್ರ ಹೋಗಬೇಕೆಂದು ತೀರ್ಮಾನಿಸುವುದು ತೂಕದ ಸಭೆ. ಹೊಸ ಚಿತ್ರ ಬರುವ ಹಿಂದಿನ ದಿನ ಮಧ್ಯಾಹ್ನ ಟಾಕೀಸಿನೊಳಗೇ ನಡೆಯುತ್ತದೆ. ಪರದೆಯ ಮುಂದೆ ಹತ್ತು ಡಬ್ಬಗಳನ್ನು ಹೋದ ಸಲದ ಸ್ಥಾನದ ಪ್ರಕಾರ ಸಾಲಾಗಿ ಇಡುತ್ತಾರೆ. ಈಗ ಓಡುತ್ತಿರುವುದು ಯಾವಾಗಲೂ ಮೊದಲು, ಮೊನ್ನೆ ಮೊನ್ನೆಯದನ್ನು ಮರೆಯಲು ಯಾರಿಗೂ ಇಷ್ಟವಿಲ್ಲ. ಮೂವರು ತೂಕದವರು ಒಬ್ಬೊಬ್ಬರಾಗಿ ಎದ್ದು, ಒಂದು ಚಿತ್ರದ ಗುಣದೋಷ ಹೇಳಿ, ಅದರ ಡಬ್ಬವನ್ನು ಕೈಯಾರೆ ಎತ್ತಿ ತಮಗೆ ಸರಿ ಕಂಡ ಜಾಗದಲ್ಲಿ ಇಡುತ್ತಾರೆ. ಒಬ್ಬರಿಗೆ ಒಂದೇ ಎತ್ತು. ಮೂರು ಎತ್ತು ಆದ ಮೇಲೆ ಕೊನೆಯಲ್ಲಿರುವ ಡಬ್ಬ ಹೊರಗೆ. ಸಭೆಯಲ್ಲಿ ಕೂತವರು ಯಾರು ಬೇಕಾದರೂ ಎದ್ದು ಅಭಿಪ್ರಾಯ ಹೇಳಬಹುದು. ನಿಯಮ ಒಂದೇ. ಚಿತ್ರದ ವಿಷಯ ಮಾತ್ರ ಆಡಬೇಕು, ಸ್ವಂತ ವಿಷಯ ಎತ್ತಿದರೆ ಆ ಚಿತ್ರವನ್ನು ಆ ಕ್ಷಣವೇ ಕೊನೆಗೆ ಇಟ್ಟುಬಿಡುತ್ತಾರೆ. ಇದನ್ನು ಕಾಯಲು ಮ್ಯಾನೇಜರ್ ಪುಟ್ಟಲಿಂಗಪ್ಪ ಗಂಟೆ ಹಿಡಿದು ಕೂತಿರುತ್ತಾರೆ.

ಹಾಗಾಗಿ ನಮ್ಮೂರಿನಲ್ಲಿ ವಿಮರ್ಶೆ ಹುಲುಸಾಗಿ ಬೆಳೆದಿದೆ. ಹಡಗಿನ ಚಿತ್ರದ ಓಟದಲ್ಲಿ ಮಗಳು ಹುಟ್ಟಿದವನು, ಹಡಗಿನ ಮೇಲಿನ ಹೊಡೆದಾಟದಲ್ಲಿ ಒಂದು ಲಯವಿದೆ ಎನ್ನುತ್ತಾನೆ. ರೈಲಿನ ಚಿತ್ರದ ಓಟದಲ್ಲಿ ಹಲ್ಲು ಕೀಳಿಸಿಕೊಂಡವನು ಅದರ ಖಳನಾಯಕನಲ್ಲಿ ಗಾಂಭೀರ್ಯ ಸಾಲದು ಎನ್ನುತ್ತಾನೆ. ಒಂದು ಸಲ ಇಬ್ಬರು ಹೆಂಗಸರು ಜ್ವಾಲಾಮುಖಿಯ ಚಿತ್ರದಲ್ಲಿ ನಾಯಕಿ ಪ್ಯಾರಾಚೂಟಿನಿಂದ ಇಳಿಯುವುದು ಸಹಜವಾಗಿದೆಯೇ ಎಂದು ಒಂದೂವರೆ ಗಂಟೆ ಜಗಳವಾಡಿದರು. ಇಬ್ಬರಿಗೂ ಬೇಕಾಗಿದ್ದದ್ದು ಒಬ್ಬ ಗಂಡಸು, ಪ್ಯಾರಾಚೂಟಲ್ಲ. ಎಲ್ಲರಿಗೂ ಎಲ್ಲರ ಗುಟ್ಟೂ ಗೊತ್ತು, ಆದರೂ ಗಂಭೀರವಾಗಿ ತಲೆದೂಗುತ್ತೇವೆ. ನಾನಂತೂ ಇದನ್ನೆಲ್ಲ ನೋಡಿ ಹೊಟ್ಟೆ ತುಂಬ ನಕ್ಕವನು. ನನ್ನ ಹೊಟ್ಟೆಯೂ ಅದೇ ಊರಿನದು ಎಂಬುದು ಆಗ ಹೊಳೆದಿರಲಿಲ್ಲ.

ಈಗ ನನ್ನ ಹೆಂಡತಿ ದಾಕ್ಷಾಯಣಿಯ ವಿಷಯ ಹೇಳಬೇಕು, ಹೇಳಲು ಸಂಕೋಚವಾಗುತ್ತದೆ. ರೈಲಿನ ಚಿತ್ರ ಬರುವ ಹಿಂದಿನ ದಿನದ ಸಭೆಯಲ್ಲಿ ನಾನು ಮೊದಲ ಸಲ ತೂಕದವನಾಗಿ ಕೂತಿದ್ದೆ. ಕೊನೆಯ ಡಬ್ಬ ಯಾವುದೋ ಒಂದು. ಅದು ಯಾವ ಚಿತ್ರವೆಂದು ಈಗ ಯಾರಿಗೂ ನೆನಪಿಲ್ಲ, ಟಾಕೀಸಿನ ಪಟ್ಟಿಯಲ್ಲಿ ಅದರ ಹೆಸರನ್ನು ಓದಲಾಗದ ಹಾಗೆ ಹೊಡೆದುಹಾಕಿದೆ. ಅವತ್ತು ದಾಕ್ಷಾಯಣಿ ಹೆಂಗಸರ ಬೆಂಚಿನಿಂದ ಎದ್ದು ನಿಂತಳು. ಮನೆಯಲ್ಲೇ ಜೋರಾಗಿ ಮಾತಾಡದವಳು. "ಆ ಚಿತ್ರದಲ್ಲಿ ಮನೆಯೊಳಗಿನ ದೀಪ ತೋರ್ಸಿರೋದು ಬಹಳ ಚೆನ್ನಾಗಿದೆ, ಅದನ್ನ ತೆಗೀಬೇಡಿ," ಎಂದಳು. ಇಡೀ ಟಾಕೀಸು ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿತು. ಇವನು ಏನೋ ಅನ್ನುತ್ತಾನೆ ಎಂದು ಕಾಯುತ್ತಿದ್ದ ಆ ಮುನ್ನೂರು ಮುಖಗಳನ್ನು ನಿರಾಸೆ ಮಾಡಲು ನನ್ನಿಂದ ಆಗಲಿಲ್ಲ.

"ಒಲೆ ಮೇಲೆ ಹಾಲು ಉಕ್ಕಿದ್ದೇ ಕಾಣದ ಕಣ್ಣಿಗೆ ಇವತ್ತು ಛಾಯಾಗ್ರಹಣ ಕಂಡಿದೆ," ಎಂದೆ. "ಚಪ್ಪಾಳೆ ತಟ್ರಪ್ಪ."

ತಟ್ಟಿದರು. ಕಾಲು ನೆಲಕ್ಕೆ ಬಡಿದರು. ಅವಳು ಕೂತಳು. ಆ ಡಬ್ಬ ಹೊರಗೆ ಹೋಯಿತು. ಆ ಚಿತ್ರ ನನಗೆ ನೆನಪಿಲ್ಲ, ಅದರ ಮೇಲೆ ನಾನು ಮಾಡಿದ ತಮಾಷೆ ಮಾತ್ರ ಅಕ್ಷರ ಬಿಡದೆ ನೆನಪಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮೂರಿನಲ್ಲಿ ಮುತ್ತು ಹೋಗುತ್ತದೆ, ಆಡಿದ ಮಾತು ಹೋಗುವುದಿಲ್ಲ.

ಮಾರನೆಯ ದಿನ ಹನ್ನೊಂದರ ಗಂಟೆಯಾದ ಮೇಲೆ ದಾಕ್ಷಾಯಣಿ ಒಳಕೋಣೆಯಲ್ಲಿ ನಿಂತು ಮೂಲೆಯ ಮಂಚ ನೋಡುತ್ತಿದ್ದಳು. ಅವಳ ಅವ್ವ ಕೊನೆಗಾಲದಲ್ಲಿ ನಮ್ಮ ಮನೆಯಲ್ಲೇ ಇದ್ದು, ಅದೇ ಮಂಚದ ಮೇಲೆ ಪ್ರಾಣ ಬಿಟ್ಟದ್ದು ಹೊರಗೆ ಹೋದ ಆ ಚಿತ್ರದ ಓಟದಲ್ಲಿ. "ಅವ್ವ ಸತ್ತಿದ್ದು ಗೊತ್ತು," ಎಂದಳು. "ಹೇಗೆ ಸತ್ಲು? ಕೊನೆಗೆ ಏನಾದ್ರೂ ಅಂದ್ಲಾ? ನಾನು ಪಕ್ಕದಲ್ಲಿದ್ನಾ, ಇಲ್ಲ ಬಾವಿ ಹತ್ರ ಇದ್ನಾ? ಹೇಳಿ." ನನಗೂ ಗೊತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಅಳಲಿಲ್ಲ, ಏನನ್ನು ನೆನೆದು ಅಳುವುದು? ಟ್ರಂಕಿಗೆ ಸೀರೆ ತುಂಬಿಕೊಂಡು ಹೊಳೆಯಾಚೆಯ ಅಕ್ಕನ ಮನೆಗೆ ಹೋದಳು. ಹದಿನಾಲ್ಕು ತಿಂಗಳು ಬರಲಿಲ್ಲ. ಅಷ್ಟೂ ದಿನ ನಾನು ಗಿರಣಿಯಲ್ಲಿ ಜನರನ್ನು ನಗಿಸುತ್ತಲೇ ಇದ್ದೆ. ಮನೆಗೆ ಬಂದರೆ ಕೊಟ್ಟ ಕುದುರೆ ಏರಲಾರದವನ ಹಾಗೆ, ಬೀಸಿಟ್ಟ ಹಿಟ್ಟಿದ್ದರೂ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ.

ಅವಳು ವಾಪಸು ಬಂದದ್ದು ಮುಂದಿನ ಚಿತ್ರದ ಓಟದಲ್ಲಿ. ನಾನು ಹೊಳೆ ದಾಟಿ ಹೋಗಿ, ಅಕ್ಕನ ಮನೆಯ ಜಗಲಿಯ ಮೇಲೆ ಅವಳೆದುರು ಕೂತು ತಪ್ಪು ಒಪ್ಪಿಕೊಂಡೆ. ಅವಳು ಎಲ್ಲ ಕೇಳಿ ಎದ್ದು ಒಳಗೆ ಹೋಗಿ ಟ್ರಂಕು ತಂದಳು. ಆಮೇಲೆ ಇಪ್ಪತ್ತೆರಡು ವರ್ಷ ಆ ಹಾಲಿನ ಮಾತು ನಮ್ಮ ನಡುವೆ ಬರಲಿಲ್ಲ.

ಆ ಮುಂದಿನ ಚಿತ್ರವೇ ಆಸ್ಪತ್ರೆಯದು. ನಮ್ಮ ದುರದೃಷ್ಟಕ್ಕೆ, ಉಗ್ರಸೇನನ ಚಿತ್ರಗಳಲ್ಲೇ ಅಷ್ಟು ದರಿದ್ರವಾದದ್ದು ಇನ್ನೊಂದಿಲ್ಲ. ಮೊದಲ ದೃಶ್ಯದಲ್ಲೇ ಉಗ್ರಸೇನ ಸೇತುವೆಯಿಂದ ಬಿದ್ದು ದವಡೆ, ಕಾಲು, ಮೂರು ಪಕ್ಕೆಲುಬು ಮುರಿದುಕೊಳ್ಳುತ್ತಾನೆ. ಮಿಕ್ಕ ಎರಡು ಗಂಟೆ ಪ್ಲಾಸ್ಟರಿನಲ್ಲಿ ಮಲಗಿರುತ್ತಾನೆ. ಬೆನ್ನಟ್ಟುವ ದೃಶ್ಯ ಇದೆ, ಗಾಲಿಕುರ್ಚಿಯಲ್ಲಿ, ವಾರ್ಡಿನ ಇಳಿಜಾರಿನ ಮೇಲೆ. ಹೊಡೆದಾಟ ಇದೆ, ಸಲೈನು ನೇತುಹಾಕುವ ಕಂಬದಿಂದ. ಕೊನೆಗೆ ಖಳನಾಯಕ ಮೂತ್ರಕೋಶದ ಕಲ್ಲಿನಿಂದ ಅದೇ ಆಸ್ಪತ್ರೆಗೆ ಸೇರಿ ಸಿಕ್ಕಿಬೀಳುತ್ತಾನೆ. "ಈ ಚಿತ್ರದಲ್ಲಿ ಎಲ್ಲರಿಗಿಂತ ವೇಗವಾಗಿ ಓಡೋದು ಸಲೈನು," ಎಂದು ಹೇಳಿದವನು ನಾನು. "ಟಿಕೆಟ್ ತಗೊಂಡು ರೋಗಿ ನೋಡೋಕೆ ಹೋಗೋದು, ಕಿತ್ತಳೆಹಣ್ಣು ಒಯ್ಯೋದೊಂದು ಬಾಕಿ," ಎಂದವನೂ ನಾನೇ. ಅಂದಿನಿಂದ ನಮ್ಮೂರಿನಲ್ಲಿ ಯಾವುದಾದರೂ ಮಾತು ಬೇಸರ ಹಿಡಿಸಿದರೆ ಜನ ಕಿತ್ತಳೆ ಸುಲಿದ ಹಾಗೆ ಕೈ ಆಡಿಸುತ್ತಾರೆ. ಪ್ರತಿ ಸಭೆಯಲ್ಲೂ ಆ ಡಬ್ಬ ಒಂದೊಂದೇ ಮೆಟ್ಟಿಲು ಕೆಳಗಿಳಿಯಿತು. "ಆ ಚಿತ್ರದ ಸುದ್ದಿಗೆ ಹೋಗ್ಬೇಡಿ," ಎಂದು ದಾಕ್ಷಾಯಣಿ ಎರಡು ಮೂರು ಸಲ ಹೇಳಿದ್ದಳು. ನನ್ನ ನಾಲಿಗೆಗೆ ಮೂಗುದಾರ ಹಾಕಿದವರಿಲ್ಲ, ನಾನೂ ಹಾಕಿಕೊಳ್ಳಲಿಲ್ಲ.

ಕಡಲ ತಳದ ಹೊಸ ಚಿತ್ರ ಬರುತ್ತದೆಂದು ಹೋದ ವರ್ಷ ಸುದ್ದಿ ಬಂದಾಗ, ಸಾಲಿನ ಕಟ್ಟಕಡೆಯಲ್ಲಿ ಕೂತಿದ್ದದ್ದು ಆಸ್ಪತ್ರೆಯ ಡಬ್ಬ. ಆ ಓಟ ಹೋದರೆ ಏನಾಗುತ್ತದೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ದಿನಗಳಲ್ಲಿ ಓಡಿದ ಚಿತ್ರಗಳು ಮೇಲಿನ ಸ್ಥಾನಗಳಲ್ಲಿ ಭದ್ರವಾಗಿದ್ದವು, ಹಾಗಾಗಿ ಹಾಲಿನ ಮಾತು ಉಳಿಯುತ್ತದೆ, ಚಪ್ಪಾಳೆ ಉಳಿಯುತ್ತದೆ, ಅವಳು ಟ್ರಂಕು ಹೊತ್ತು ಹೋದದ್ದು ಉಳಿಯುತ್ತದೆ. ಜಗಲಿಯ ಮೇಲೆ ನಾನು ಹೇಳಿದ್ದು ಮಾತ್ರ ಇರುವುದಿಲ್ಲ. ಹೂವಿನಂಗಡಿಯವರ ದೊಣ್ಣೆ ನಮ್ಮ ಮನೆಗೂ ಬರುತ್ತದೆ. ನನಗೆ ಭಯವಾಯಿತು. ಅರವತ್ತರ ಹತ್ತಿರ ಬಂದ ಮೇಲೆ ಅವಳು ಇನ್ನೊಂದು ಸಲ ಹೊಳೆ ದಾಟಿದರೆ ನಾನು ಬದುಕುವುದಿಲ್ಲ ಎಂದು ನೇರವಾಗಿಯೇ ಅನ್ನಿಸಿತು.

ಆದರೆ ಈ ಸಲವೂ ನಾನು ತೂಕದವನಾಗಿದ್ದೆ. ಜೊತೆಗಿದ್ದವರು ಇಮಾಮ್ ಸಾಬರು ಮತ್ತು ಕಾಂಪೌಂಡರ್ ಶ್ಯಾಮಣ್ಣ. ಶ್ಯಾಮಣ್ಣನಿಗೆ ಊರಿನಲ್ಲಿ ಬಹಳ ಮರ್ಯಾದೆ, ಇಂಜೆಕ್ಷನ್ ಕೊಡಲು ಬರುವುದು ಅವನೊಬ್ಬನಿಗೇ. ಅದನ್ನು ಅವನು ಕಲಿತದ್ದು ಉಗ್ರಸೇನ ದ್ವಿಪಾತ್ರದಲ್ಲಿ ಬರುವ, ಎರಡು ಉಗ್ರಸೇನರ ಚಿತ್ರದ ಓಟದಲ್ಲಿ, ಅದು ಆಸ್ಪತ್ರೆಯದಕ್ಕಿಂತ ಒಂದೇ ಸ್ಥಾನ ಮೇಲಿತ್ತು. ಅದರ ಮೇಲಿದ್ದದ್ದು ಜ್ವಾಲಾಮುಖಿಯದು. ಆ ಓಟದಲ್ಲಿ ಊರಿಗೆಲ್ಲ ನೆಗಡಿ ಬಂದದ್ದು ಬಿಟ್ಟರೆ ಮತ್ತೇನೂ ಆಗಿರಲಿಲ್ಲ, ಆ ಇಬ್ಬರು ಹೆಂಗಸರ ಗಂಡಸು ಕೂಡ ಅಷ್ಟರಲ್ಲಿ ಊರು ಬಿಟ್ಟಿದ್ದ. ನನ್ನ ಉಪಾಯ ಸುಲಭದ್ದು. ನಾನು ಆಸ್ಪತ್ರೆಯದನ್ನು ಎತ್ತಿ ಐದನೆಯ ಜಾಗದಲ್ಲಿ ಇಡುತ್ತೇನೆ. ಆಗ ಎರಡು ಉಗ್ರಸೇನರದು ಕೊನೆಗೆ ಬರುತ್ತದೆ. ಶ್ಯಾಮಣ್ಣ ಗಾಬರಿಯಾಗಿ ಅದನ್ನು ಮೇಲೆತ್ತುತ್ತಾನೆ. ಜ್ವಾಲಾಮುಖಿ ಹೊರಗೆ ಹೋಗುತ್ತದೆ, ನೆಗಡಿಯನ್ನು ಯಾರೂ ನೆನೆದು ಅಳುವುದಿಲ್ಲ. ಸಭೆಗೆ ಹೊರಡುವಾಗ ದಾಕ್ಷಾಯಣಿ ನನ್ನ ಅಂಗಿಯ ಗುಂಡಿ ಸರಿಮಾಡುತ್ತ, "ಇವತ್ತೊಂದು ದಿನ ನಗಿಸ್ಬೇಡಿ," ಎಂದಳು. ಆಗಲಿ ಎಂದೆ.

ಸಭೆಯಲ್ಲಿ ಮೊದಲ ಎತ್ತು ಇಮಾಮ್ ಸಾಬರದು. ಅವರು ಗುಂಡಿಗೆ ಕಾಜ ಹೊಲಿಯಲು ಕಲಿತದ್ದು ಹಡಗಿನ ಚಿತ್ರದ ಓಟದಲ್ಲಿ, ಕಾಲರ್ ಹೋದ ಮೇಲೆ ಕಾಜದ ವಿಷಯದಲ್ಲಿ ಅವರು ಅಪಾಯ ತೆಗೆದುಕೊಳ್ಳುವುದಿಲ್ಲ. "ಆ ಸಮುದ್ರ ಐತಲ್ಲ, ಬಾಳ ನೀಲಿ ಐತೆ," ಎಂದು ಒಂದೇ ವಾಕ್ಯದ ವಿಮರ್ಶೆ ಮಾಡಿ, ಮೂರನೆಯದಾಗಿದ್ದ ಡಬ್ಬವನ್ನು ಎರಡನೆಯದಾಗಿ ಇಟ್ಟು ಬೆವರು ಒರೆಸಿಕೊಂಡು ಕೂತರು. ಎರಡನೆಯ ಎತ್ತು ನನ್ನದು. ನಾನು ಎದ್ದದ್ದೇ ತಡ, ಬೆಂಚುಗಳೆಲ್ಲ ಮುಂದಕ್ಕೆ ವಾಲಿದವು. ತೂಕಡಿಸುತ್ತಿದ್ದವರನ್ನು ಪಕ್ಕದವರು ಮೊಣಕೈಯಿಂದ ತಿವಿದು ಎಬ್ಬಿಸಿದರು.

"ನಾನು ಆಸ್ಪತ್ರೆಯ ಚಿತ್ರದ ಪರವಾಗಿ ಮಾತಾಡ್ತೀನಿ," ಎಂದೆ.

ಹಿಂದಿನಿಂದ ಒಬ್ಬ ಕಿಸಕ್ಕೆಂದ. ಒಬ್ಬಳು ಆಗಲೇ ಕಿತ್ತಳೆ ಸುಲಿಯತೊಡಗಿದಳು.

"ಈ ಚಿತ್ರದಲ್ಲಿ ಉಗ್ರಸೇನನಿಗೆ ದವಡೆ ಮುರಿದಿದೆ, ಮಾತಾಡೋಕಾಗಲ್ಲ. ಬೇರೆ ಎಲ್ಲಾ ಚಿತ್ರದಲ್ಲೂ ಅವನು ಒಂದು ಮಾತು ಅಂತಾನೆ, ಒಂದು ಗುಂಡು ಹಾರಿಸ್ತಾನೆ, ಎದುರಿಗಿದ್ದೋನು ಸಾಯ್ತಾನೆ. ಸತ್ತೋನಿಗೂ ಏನೋ ಹೇಳೋದಿತ್ತೇನೋ, ಉಗ್ರಸೇನ ಕೇಳಿದಾನಾ? ಇದೊಂದರಲ್ಲಿ ಕೇಳ್ತಾನೆ. ಪಕ್ಕದ ಹಾಸಿಗೆ ಮುದುಕ ಕಳೆದುಹೋದ ತನ್ನ ಹಸುವಿನ ಕಥೆ ಹೇಳ್ತಾನೆ, ಹನ್ನೆರಡು ನಿಮಿಷ. ಉಗ್ರಸೇನ ಪೂರ್ತಿ ಕೇಳಿಸ್ಕೊತಾನೆ. ನಡುವೆ ಒಂದು ಬಾಂಬಿಲ್ಲ, ಹೆಲಿಕಾಪ್ಟರಿಲ್ಲ."

ಟಾಕೀಸು ಹೋ ಎಂದು ನಕ್ಕಿತು. ನಾನು ಕೈ ಎತ್ತಿದೆ. "ನಗಬೇಡ್ರಪ್ಪ. ನಿಜವಾಗ್ಲೂ ಹೇಳ್ತಿದೀನಿ." ಅದು ಅವರಿಗೆ ಇನ್ನೂ ಹಿಡಿಸಿತು. ಗಂಡಸರು ಬೆಂಚಿನ ಮೇಲೆ ಮಗುಚಿಕೊಂಡರು. "ಹಸು ಕಥೆ ಮುಗಿದ ಮೇಲೆ ಅವನ ಕಣ್ಣು ಒದ್ದೆಯಾಗುತ್ತೆ," ಎಂದು ಕೂಗಿದೆ. "ಹತ್ತು ಚಿತ್ರದಲ್ಲಿ ಆ ಮನುಷ್ಯ ಅಳೋದು ಅದೊಂದು ಸಲ! ನೂರು ಜನ ಕೊಂದೋನು, ಒಂದು ಹಸುವಿಗೆ ಅಳ್ತಾನೆ! ಬೇಹುಗಾರ ಅಂದ್ರೆ ಬೇರೆಯವರ ಮಾತು ಕದ್ದು ಕೇಳೋನು ಅಂತಾರೆ, ಅವನು ಕದೀದೆ ಕೇಳಿದ್ದು ಇದೊಂದರಲ್ಲೇ. ಸರಣಿಯಲ್ಲೇ ಶ್ರೇಷ್ಠ ಚಿತ್ರ ಇದು." ನನ್ನ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದಿಂದ ಆ ಟಾಕೀಸಿನಲ್ಲಿ ಮಾತಾಡಿದ್ದೇನೆ, ಮನಸ್ಸಿನಲ್ಲಿದ್ದದ್ದನ್ನು ಆಡಿದ್ದು ಅದೇ ಮೊದಲು. "ಅಯ್ಯಯ್ಯೋ, ಕಣ್ಣೀರೂ ತಂದ್ಕೊಂಡ ನೋಡ್ರೋ!" ಎಂದು ಯಾರೋ ಕಿರುಚಿದರು. "ಸಾಕು ಕಣಪ್ಪ, ಹೊಟ್ಟೆ ಹಿಡ್ಕೊಳ್ತು!" ಗಂಟೆ ಹಿಡಿದಿದ್ದ ಪುಟ್ಟಲಿಂಗಪ್ಪನವರು ಗಂಟೆಯನ್ನು ಕೆಳಗಿಟ್ಟು ಪಂಚೆಯಿಂದ ಮುಖ ಒರೆಸಿಕೊಂಡರು. ತೋಳ ಬಂತು ತೋಳ ಎಂದವನ ಗತಿ ನನ್ನದಾಯಿತು, ಒಂದೇ ವ್ಯತ್ಯಾಸವೆಂದರೆ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನಾನು ಡಬ್ಬವನ್ನೆತ್ತಿ ಐದನೆಯ ಜಾಗದಲ್ಲಿ ಇಟ್ಟೆ. ಹೆಂಗಸರ ಕಡೆ ತಿರುಗಿದಾಗ ದಾಕ್ಷಾಯಣಿ ಕಂಡಳು. ಆ ಇಡೀ ಟಾಕೀಸಿನಲ್ಲಿ ನಗದೆ ಕೂತಿದ್ದವಳು ಅವಳೊಬ್ಬಳೇ.

ಶ್ಯಾಮಣ್ಣ ಎದ್ದ. ನಕ್ಕು ನಕ್ಕು ಅವನ ಕನ್ನಡಕ ಮಂಜಾಗಿತ್ತು. ಅವನು ಎರಡು ಉಗ್ರಸೇನರ ಡಬ್ಬದ ಕಡೆ ಹೋಗುತ್ತಾನೆಂದು ನಾನು ಕಾದೆ. ಅವನು ನೇರವಾಗಿ ಐದನೆಯ ಜಾಗಕ್ಕೆ ಬಂದು, ಆಸ್ಪತ್ರೆಯದನ್ನು ಎತ್ತಿಕೊಂಡ.

"ಮರಿಸ್ವಾಮಿ, ಇಷ್ಟು ಚೆಂದ ಆಡ್ಕೊಂಡ ಮೇಲೆ ಇದನ್ನ ಇಲ್ಲೇ ಬಿಟ್ರೆ ನಿನ್ನ ಮಾತಿಗೆ ಏನು ಬೆಲೆ? ನೀನು ತಮಾಷೆಗೆ ಇಟ್ಟೆ, ನಾನು ಜಾಗಕ್ಕೆ ಸೇರಿಸ್ತೀನಿ," ಎಂದ. ಡಬ್ಬವನ್ನು ಕೊನೆಯಲ್ಲಿ ಇಟ್ಟು, ನನ್ನ ಬೆನ್ನು ತಟ್ಟಿದ. ಅವನ ಎರಡು ಉಗ್ರಸೇನರೂ ಬಚಾವಾದರು, ಗೆಳೆಯನಿಗೆ ಉಪಕಾರ ಮಾಡಿದ ಹಾಗೂ ಆಯಿತು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಬಾಯಿ ತೆರೆದು, ಹಾಗಲ್ಲ ಶ್ಯಾಮಣ್ಣ, ನನ್ನ ಹೆಂಡತಿ ಎಂದು ಶುರುಮಾಡಿದ್ದರೆ ಗಂಟೆ ಬಾರಿಸುತ್ತಿದ್ದರು, ಡಬ್ಬ ಅದಾಗಲೇ ಕೊನೆಯಲ್ಲಿತ್ತು, ಅದಕ್ಕಿಂತ ಕೆಳಗೆ ಜಾಗವಿರಲಿಲ್ಲ. ಹೇಳಿದ್ದರೂ ನಗುತ್ತಿದ್ದರು. ನನ್ನ ಜಾಗಕ್ಕೆ ಹೋಗಿ ಕೂತೆ.

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಜನ ನನಗೆ ಕೈ ಮುಗಿದರು. "ಇವತ್ತಿನ ಹಾಗೆ ಯಾವತ್ತೂ ಆಡಿಲ್ಲ ಕಣಣ್ಣ, ಹಸುವಂತೆ!" ಎಂದು ಸೈಕಲ್ಲಿನಲ್ಲಿ ಹೋಗುವವನೊಬ್ಬ ಕೂಗಿದ. ದಾಕ್ಷಾಯಣಿ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಮನೆಯ ಬಾಗಿಲು ತೆಗೆಯುತ್ತ, "ಚೆನ್ನಾಗಿ ಹೇಳಿದ್ರಿ," ಎಂದಳು.

"ಯಾರೂ ನಂಬಲಿಲ್ಲ."

"ನಾನು ನಂಬ್ದೆ."

ಇನ್ನೂ ಸಮಯವಿತ್ತು. ನಮ್ಮೂರಿನವರು ಈಚಿನ ವರ್ಷಗಳಲ್ಲಿ ಕಂಡುಕೊಂಡ ಉಪಾಯವೊಂದಿದೆ, ಅವ್ವನ ಓಟ ಹೋದ ಕಾಲಕ್ಕೆ ಅದು ಯಾರಿಗೂ ಗೊತ್ತಿರಲಿಲ್ಲ. ಹೋಗಲಿರುವ ಓಟದ ಮಾತನ್ನು ಮಾರನೆಯ ದಿನ ಹನ್ನೊಂದರೊಳಗೆ ಇನ್ನೊಂದು ಸಲ ಬಾಯಿಬಿಟ್ಟು ಆಡಿಬಿಟ್ಟರೆ, ಅದು ಇವತ್ತಿನ ಮಾತಾಗಿ ಉಳಿಯುತ್ತದೆ. ಮನಸ್ಸಿನಲ್ಲಿ ನೆನೆದುಕೊಂಡರೆ ಸಾಲದು, ಆಡಬೇಕು. ಜಗಲಿಯ ಮೇಲೆ ಏನು ಹೇಳಿದ್ದೆನೋ ಅದನ್ನು ಅವಳ ಮುಂದೆ ಮತ್ತೆ ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಕಾಯುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ದೀಪ ಹಚ್ಚಿದಳು, ಅಕ್ಕಿ ಆರಿಸಿದಳು, ಆರಿಸಿದ್ದನ್ನೇ ಮತ್ತೆ ಆರಿಸಿದಳು. ನಾನು ಎರಡು ಸಲ ಬಾಯಿ ತೆರೆದೆ. ಆದರೆ ಮುನ್ನೂರು ಜನ ನನ್ನ ನಿಜವಾದ ಮಾತಿಗೆ ನಕ್ಕದ್ದು ಕಿವಿಯಲ್ಲಿ ಇನ್ನೂ ಇತ್ತು. ಇವಳೂ ನಕ್ಕುಬಿಟ್ಟರೆ? ನನ್ನ ದನಿಯಲ್ಲೇ ಏನೋ ಐಬಿದೆ, ಏನು ಆಡಿದರೂ ಅಣಕವಾಗಿಯೇ ಹೊರಗೆ ಬರುತ್ತದೆ ಎಂದು ಹೆದರಿಕೆಯಾಯಿತು. "ನಾಳೆ ಬೆಳಿಗ್ಗೆ ಮಾತಾಡೋಣ," ಎಂದೆ. ಬೆಳಿಗ್ಗೆ ಗಿರಣಿಯ ಮುಂದೆ ಸಾಲು ನಿಂತಿತ್ತು. ಹೊಸ ಚಿತ್ರದ ದಿನ ಎಲ್ಲರಿಗೂ ಹಬ್ಬದಡುಗೆ, ಎಲ್ಲರಿಗೂ ಹಿಟ್ಟು ಬೇಕು. ನಾನು ಬೆಲ್ಟು ಎಳೆದು ಗಿರಣಿ ಹಾಕಿದೆ. ಗಿರಣಿ ಸದ್ದು ಮಾಡುತ್ತಿರುವಾಗಲೇ ಟಾಕೀಸಿನ ಗಂಟೆ ಕೇಳಿಸಿತು.

ಏನೂ ಆಗಲಿಲ್ಲ. ಹಿಟ್ಟು ಬೀಳುತ್ತಿತ್ತು, ನಾನು ಚೀಲ ಹಿಡಿದಿದ್ದೆ. ಆಸ್ಪತ್ರೆಯ ಚಿತ್ರದ ಬಗ್ಗೆ ಸಭೆಯಲ್ಲಿ ನಾನು ಏನೇನು ಹೇಳಿದೆನೋ ಅದಷ್ಟೂ ನೆನಪಿತ್ತು, ಚಿತ್ರ ನೋಡಿದ್ದು ಮಾತ್ರ ನೆನಪಿರಲಿಲ್ಲ; ಅದರ ಕಥೆ ಇಲ್ಲಿ ಹೇಳಿದ್ದೂ ಇಷ್ಟು ವರ್ಷ ಆಡಿಕೊಂಡ ಮಾತುಗಳಿಂದಲೇ. ಅದಕ್ಕಾಗಿ ಅತ್ತದ್ದು ನೆನಪಿತ್ತು. ಜಗಲಿಯೊಂದಿತ್ತು, ಅಲ್ಲಿ ನಾನು ಏನೋ ಹೇಳಿದೆ, ಅವಳು ಟ್ರಂಕು ತಂದಳು ಎಂದು ಗೊತ್ತಿತ್ತು. ಆ ಏನೋ ಏನೆಂದು ಹುಡುಕಿದರೆ, ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ಆಡಿಸಿದ ಹಾಗಾಗುತ್ತಿತ್ತು. ಗಿರಣಿ ನಿಲ್ಲಿಸಿ, ಸಾಲಿನಲ್ಲಿದ್ದವರು ಬೈಯುತ್ತಿದ್ದರೂ ಬಿಟ್ಟು ಮನೆಗೆ ಓಡಿದೆ.

ದಾಕ್ಷಾಯಣಿ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ನನ್ನನ್ನು ನೋಡಿದ ಅವಳ ಕಣ್ಣಲ್ಲಿದ್ದದ್ದು ನಿನ್ನೆಯ ಹೆಂಗಸಲ್ಲ, ಟ್ರಂಕಿಗೆ ಸೀರೆ ತುಂಬುತ್ತಿದ್ದ ಹೆಂಗಸು.

"ವಾಪಸ್ ಬಂದೆ ಅನ್ನೋದು ಗೊತ್ತು," ಎಂದಳು. "ಇಷ್ಟು ವರ್ಷ ಇಲ್ಲೇ ಇದೀನಿ, ಅದೂ ನೆನಪಿದೆ. ನೀವು ಬಂದು ಏನೋ ಕೇಳಿಕೊಂಡಿರಬೇಕು, ಇಲ್ದಿದ್ರೆ ನಾನು ಬರೋಳಲ್ಲ. ಆದ್ರೆ ಕಿವಿಯಲ್ಲಿರೋದು ಆ ಹಾಲಿನ ಮಾತು. ಆ ಚಪ್ಪಾಳೆ. ನಿನ್ನೆ ತಟ್ಟಿದ ಹಾಗಿದೆ. ನಾನೇನು ಮಾಡ್ಲಿ, ಹೇಳಿ?"

ನನ್ನ ನಾಲಿಗೆಯ ತುದಿಗೆ ಒಂದು ತಮಾಷೆ ಬಂತು. ಬರುತ್ತದೆ, ಸಾಯುವಾಗಲೂ ಒಂದು ಬರುತ್ತದೆ. ಅದನ್ನು ನುಂಗಿದೆ.

"ತಪ್ಪಾಯ್ತು," ಎಂದೆ. "ಅವತ್ತು ನೀನು ಯಾಕೆ ಎದ್ದು ನಿಂತಿದ್ದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಆಡ್ದೆ. ಜನ ನಗ್ಲಿ ಅಂತ ಆಡ್ದೆ."

ಅವಳು ನಗಲಿಲ್ಲ. ಅಳಲೂ ಇಲ್ಲ. ಹೊರಗೆ ಟಾಕೀಸಿನ ಕಡೆಯಿಂದ ಹೊಸ ಉಗ್ರಸೇನ ಏನನ್ನೋ ಸ್ಫೋಟಿಸಿದ ಸದ್ದು ಬಂತು, ಜನ ಸಿಳ್ಳೆ ಹಾಕಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಗಲೂ ಇಷ್ಟೇ ಹೇಳಿದ್ರಾ?"

"ಗೊತ್ತಿಲ್ಲ ದಾಕ್ಷಾಯಣಿ."

"ಇಷ್ಟೇ ಆಗಿದ್ರೆ ನಾನು ಬರ್ತಿರ್ಲಿಲ್ಲ," ಎಂದಳು. ಗೋಡೆ ಬಿಟ್ಟು ನೇರವಾಗಿ ಕೂತಳು. "ಇನ್ನೂ ಏನೋ ಇತ್ತು. ಹೇಳಿ."

ನಾನು ಅವಳೆದುರು ನೆಲದ ಮೇಲೆ ಕೂತೆ. ಅವಳ ಅವ್ವನ ಹೆಸರಿನಿಂದ ಶುರುಮಾಡಿದೆ.